ಹೇಗಿದೆ?

ಮದುವೆಯ ಮನೆಯಲ್ಲಿ ಹೆಣ್ಣಿನ ತಂದೆ ಪಂಕ್ತಿಯ ನಡುವೆ ಬಂದು, ಕೈ ಮುಗಿದು, “ಅಡಿಗೆ ಹೇಗಿದೆ?” ಎಂದು ಕೇಳುವುದುಂಟು. ಆ ಪ್ರಶ್ನೆಗೆ ಇಂದಿನವರೆಗೆ ಯಾವ ಅತಿಥಿಯೂ ನಿಜವಾದ ಉತ್ತರ ಕೊಟ್ಟಂತಿಲ್ಲ. ಹುಳಿಗೆ ಉಪ್ಪು ಒಂದು ಹಿಡಿ ಹೆಚ್ಚು ಬಿದ್ದಿದ್ದರೂ “ಭೇಷಾಗಿದೆ” ಎಂಬ ಒಂದೇ ಮಾತು ಸಾಲಿನ ಈ ತುದಿಯಿಂದ ಆ ತುದಿಗೆ ಹರಿದುಹೋಗುತ್ತದೆ. ನಿಜ ತಿಳಿಯಬೇಕಾದರೆ ಎಲೆ ಎತ್ತುವವನನ್ನು ಕೇಳಬೇಕು. ಯಾವುದು ಎಷ್ಟು ಉಳಿದಿತ್ತೆಂಬುದು ಅವನಿಗೆ ಮಾತ್ರ ಗೊತ್ತು.

ಮನೆಯಲ್ಲೇ ಕುಳಿತು ಸಂಗೀತವನ್ನು ಮುದ್ರಿಸಿ, ಬೆರೆಸಿ, ಬಡಿಸುವವರ ಪಾಡೂ ಹೀಗೆಯೇ. ರಾಮನಗರದ ಒಂದು ಓಣಿಯಲ್ಲಿ ಇಂಥ ಒಬ್ಬ ತರುಣನಿದ್ದಾನೆಂದು ಇಟ್ಟುಕೊಳ್ಳಿ. ತಂದೆ ರೇಷ್ಮೆಗೂಡಿನಿಂದ ನೂಲು ತೆಗೆಯುತ್ತಿದ್ದವರು. ಅವರು ತೀರಿಕೊಂಡ ಮೇಲೆ ಹಿತ್ತಿಲ ಚರಕ ನಿಂತಿತು. ಚರಕವಿದ್ದ ಕೋಣೆಯಲ್ಲಿ ಈಗ ಒಂದು ಕಂಪ್ಯೂಟರು, ಒಂದು ಮೈಕು, ಕಂತಿನ ಮೇಲೆ ಕೊಂಡ ಎರಡು ಸ್ಪೀಕರುಗಳು, ಗೋಡೆಗೆ ಒರಗಿಸಿದ ಹಳೆಯ ಹಾಸಿಗೆಗಳು. ಹಾಸಿಗೆ ಇರುವುದು ಕೋಣೆಯ ಮಾರ್ದನಿಯನ್ನು ನುಂಗಲು. ಬಂದ ನೆಂಟರು ಮಾತ್ರ ಹುಡುಗ ಹಗಲೆಲ್ಲ ಅಲ್ಲೇ ಮಲಗುತ್ತಾನೆಂದು ತಿಳಿಯುತ್ತಾರೆ.

ಈ ಸಾಮಗ್ರಿಯಿಂದ ಅವನು ತಂದೆಯ ನೆನಪಿಗಾಗಿ ನಾಲ್ಕು ನಿಮಿಷದ ಒಂದು ವಾದ್ಯವೃಂದದ ಕೃತಿಯನ್ನು ಕಟ್ಟಿದ್ದಾನೆ. ವೃಂದವೆಂದರೆ ಅರುವತ್ತು ಮಂದಿ ಬಂದು ಕುಳಿತದ್ದಲ್ಲ. ಪಿಟೀಲು ಅವನದೇ, ಒಂದೇ ಸಾಲನ್ನು ಆರು ಬಾರಿ ನುಡಿಸಿ ಒಂದರ ಮೇಲೊಂದು ಜೋಡಿಸಿದ್ದಾನೆ. ಚೆಲ್ಲೊ, ಹಾರ್ನು, ಕೊಳಲು, ನಗಾರಿಗಳೆಲ್ಲ, ಎಲ್ಲಿಯೋ ದೂರದ ಸ್ಟುಡಿಯೋದಲ್ಲಿ ನಿಜವಾದ ವಾದಕರು ಒಂದೊಂದೇ ಸ್ವರವನ್ನು ನುಡಿಸಿಟ್ಟ ಭಂಡಾರದಿಂದ ಬಂದವು. ಮೂರು ತಿಂಗಳು ಅದನ್ನೇ ಕೇಳಿ ಕೇಳಿ ಅವನ ಕಿವಿ ಮರಗಟ್ಟಿದೆ. ದೇವಸ್ಥಾನದ ಪಕ್ಕದ ಮನೆಯವರಿಗೆ ಗಂಟೆ ಕೇಳಿಸುವುದಿಲ್ಲವಷ್ಟೆ.

ಆದ್ದರಿಂದ ಅವನು ಕೃತಿಯನ್ನು ಫೋನಿನ ಮೂಲಕ ನೆಂಟರಿಷ್ಟರಿಗೆಲ್ಲ ಕಳುಹಿಸಿ, “ಹೇಗಿದೆ?” ಎಂದು ಕೇಳಿದ. “ಸೂಪರ್” ಎಂಬ ಉತ್ತರಗಳು ಬಂದವು. ಸೋದರತ್ತೆಯೊಬ್ಬರು ಮುಗಿದ ಕೈಗಳ ಚಿತ್ರ ಕಳುಹಿಸಿದರು. ಅದು ಹೊರಟದ್ದು ಕೃತಿ ಮುಟ್ಟಿದ ಒಂದೇ ನಿಮಿಷಕ್ಕೆ. ನಾಲ್ಕು ನಿಮಿಷದ ಸಂಗೀತವನ್ನು ಒಂದು ನಿಮಿಷದಲ್ಲಿ ಕೇಳುವ ವಿದ್ಯೆ ವಾತ್ಸಲ್ಯಕ್ಕೆ ಮಾತ್ರ ಸಾಧ್ಯ.

ಇನ್ನೊಂದು ವಾರ ದುಡಿದು ಎರಡನೆಯ ಪ್ರತಿಯನ್ನು ಕಳುಹಿಸಿದಾಗ ಎಲ್ಲರೂ “ಮೊದಲಿನದಕ್ಕಿಂತ ಬಹಳ ಚೆನ್ನಾಗಿದೆ” ಎಂದರು. ಅವನು ಹಿಗ್ಗಿದ. ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಇದು ಅದಕ್ಕಿಂತ ಎರಡು ಡೆಸಿಬೆಲ್ ಜೋರಾಗಿದೆ, ಅಷ್ಟೆ! ಅವನು ಮಾಡಿದ ಬೇರೆ ತಿದ್ದುಪಡಿಗಳೆಲ್ಲ ಆ ಜೋರಿನ ಹಿಂದೆ ಅಡಗಿ ಕುಳಿತಿದ್ದವು. ಮನುಷ್ಯನ ಕಿವಿಗೆ ಜೋರಾದದ್ದೆಲ್ಲ ಸೊಗಸಾಗಿಯೇ ತೋರುತ್ತದೆ. ಎರಡು ಪ್ರತಿಗಳನ್ನಾಗಲಿ, ತನ್ನ ಕೃತಿಯನ್ನೂ ದೊಡ್ಡ ವೃಂದದ ಧ್ವನಿಮುದ್ರಿಕೆಯನ್ನೂ ಆಗಲಿ ಹೋಲಿಸುವ ಮೊದಲು ಎರಡನ್ನೂ ಒಂದೇ ಮಟ್ಟಕ್ಕೆ ಇಳಿಸಿಕೊಳ್ಳಬೇಕೆಂಬುದನ್ನು ಅಂದಿನಿಂದ ಅವನು ಗಂಟುಹಾಕಿಕೊಂಡ.

ಪ್ರಶ್ನೆಯನ್ನೂ ಬದಲಿಸಿದ. “ಹೇಗಿದೆ?” ಎಂದು ಕೇಳುವುದನ್ನು ಬಿಟ್ಟು, “ಕೇಳುತ್ತಿದ್ದಾಗ ಎಲ್ಲಿ ನಿಮ್ಮ ಮನಸ್ಸು ಬೇರೆಡೆಗೆ ಹೋಯಿತೋ ಅಲ್ಲಿ ಕೈ ಎತ್ತಿ” ಎಂದ. ಈ ಪ್ರಶ್ನೆಗೆ ಸಂಗೀತಜ್ಞಾನ ಬೇಡ, ದಾಕ್ಷಿಣ್ಯಕ್ಕೂ ಎಡೆಯಿಲ್ಲ.

ಮೊದಲು ಕೈ ಎತ್ತಿದವರು ದೊಡ್ಡಪ್ಪ. ಅವರು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಆಯುಷ್ಯ ಕಳೆದವರು. ಗೂಡು ಕೊಳ್ಳುವವರು ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳು ಆರೋಗ್ಯವಾಗಿದ್ದರೆ ಕಟಕಟ ಸದ್ದು ಬರುತ್ತದೆ. ಸತ್ತು ಕರಗಿ ಗೋಡೆಗೆ ಅಂಟಿದ್ದರೆ ಸದ್ದಿಲ್ಲ. ದೊಡ್ಡಪ್ಪ ಸರಿಯಾಗಿ 1 ನಿಮಿಷ 40ನೆಯ ಸೆಕೆಂಡಿಗೆ ಕೈ ಎತ್ತಿ, “ಇಲ್ಲಿ ಹುಳ ಅಂಟ್ಕೊಂಡದೆ ಮಗ, ಅಲ್ಲಾಡ್ತಾ ಇಲ್ಲ” ಎಂದರು. ತರುಣ ನಕ್ಕು ಸುಮ್ಮನಾದ.

ಮಾಗಡಿಯಲ್ಲಿ ಅವನ ವೀಣೆಯ ಮೇಷ್ಟರಿದ್ದಾರೆ. ಈ ಸೀಮೆಗೂ ತಂತಿವಾದ್ಯಕ್ಕೂ ಹಳೆಯ ನಂಟು. 1800ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿ ದೂರದ ಊರುಗಳಿಗೆ ಹೋಗುತ್ತಿತ್ತೆಂದು ಬರೆದಿದ್ದಾನೆ. ಮೇಷ್ಟರು ಕಣ್ಣು ಮುಚ್ಚಿ ಕೇಳಿ, ಅದೇ ಜಾಗದಲ್ಲಿ ಕೈ ಎತ್ತಿ, “ಪಿಟೀಲು ಕಡಿಮೆ ಮಾಡಪ್ಪ, ಒತ್ತುತ್ತದೆ” ಎಂದರು. ಕನಕಪುರದಲ್ಲಿ ಜಾತ್ರೆಗಳಿಗೆ ಮೈಕ್‌ಸೆಟ್ ಹಾಕುವ ಗೆಳೆಯನದು ಬೇರೆಯೇ ವರಸೆ: “ಇಲ್ಲಿ ಡ್ರಮ್ಮು ಏರ್ಸು ಗುರು, ದಮ್ಮಿಲ್ಲ.” ಇಲ್ಲಿ ಎಂದರೆ ಎಲ್ಲಿ? ಅದೇ 1 ನಿಮಿಷ 40!

ಮೂವರು ಹೇಳಿದ ಮದ್ದುಗಳು ಒಂದಕ್ಕೊಂದು ಹೊಂದುವುದಿಲ್ಲ. ಮೂರನ್ನೂ ಒಟ್ಟಿಗೆ ಕುಡಿಸಿದರೆ ರೋಗಿ ಉಳಿಯುವುದಿಲ್ಲ. ಆದರೆ ಮೂವರೂ ಬೆರಳಿಟ್ಟ ಜಾಗ ಒಂದೇ. ನೋವು ಎಲ್ಲಿದೆಯೆಂದು ಹೇಳುವುದರಲ್ಲಿ ಕೇಳುಗ ತಪ್ಪುವುದು ಅಪರೂಪ. ಏಕೆ ಎಂದು ಹೇಳುವುದರಲ್ಲಿ ಅವನು ಸರಿಯಾಗುವುದು ಇನ್ನೂ ಅಪರೂಪ. ಕಾರಣ ಹುಡುಕುವುದು ಅವನ ಕೆಲಸವೂ ಅಲ್ಲ.

ತರುಣ ಒಂದೊಂದೇ ವಾದ್ಯದ ಬಾಯಿ ಮುಚ್ಚಿಸುತ್ತ ಹುಡುಕಿದ. ಪಿಟೀಲಿನ ತಪ್ಪಿರಲಿಲ್ಲ, ನಗಾರಿಯದೂ ಇರಲಿಲ್ಲ. ಆ ಜಾಗದಲ್ಲಿ ಚೆಲ್ಲೊ, ಹಾರ್ನು, ಕ್ಲಾರಿನೆಟ್ಟಿನ ಕೆಳಗಿನ ಸ್ವರ, ಪಿಯಾನೋದ ಎಡಗೈ, ಎಲ್ಲವೂ 200ರಿಂದ 400 ಹರ್ಟ್ಸ್‌ವರೆಗಿನ ಒಂದೇ ಇಕ್ಕಟ್ಟಾದ ಓಣಿಯಲ್ಲಿ ಗುಂಪುಗೂಡಿದ್ದವು. ಸಾಲದ್ದಕ್ಕೆ ಭಂಡಾರದ ಸ್ವರಗಳು ತಮ್ಮ ಸಭಾಂಗಣದ ಮಾರ್ದನಿಯನ್ನು ಹೊತ್ತು ಬಂದಿದ್ದವು. ಅದರ ಮೇಲೆ ಅವನು ಇನ್ನೊಂದು ಮಾರ್ದನಿಯನ್ನು ಹೊದಿಸಿದ್ದ. ಗುಂಡಿ ತಿರುಗಿಸಿ ಆ ಭಾಗವನ್ನು ತುಸು ತಗ್ಗಿಸಿದಾಗ ಅರ್ಧ ತಿಳಿಯಾಯಿತು. ಉಳಿದ ಅರ್ಧ ತಿಳಿಯಾದದ್ದು ಅವನು ಸ್ವರಲಿಪಿಗೇ ಹಿಂದಿರುಗಿ, ಹಾರ್ನನ್ನು ಎಂಟು ಆವರ್ತ ಸುಮ್ಮನಿರಿಸಿ, ಚೆಲ್ಲೊವನ್ನು ಒಂದು ಸ್ಥಾಯಿ ಮೇಲಕ್ಕೆ ಕಳುಹಿಸಿದಾಗ. ಹೀಗೆ ಬೆರಕೆಯ ದೋಷವೆಂದು ಕಾಣುವುದು ಎಷ್ಟೋ ವೇಳೆ ರಚನೆಯ ದೋಷವಾಗಿರುತ್ತದೆ. ಮರುದಿನ ದೊಡ್ಡಪ್ಪ ಕೇಳಿ, ಕೈ ಎತ್ತದೆ, ಎಲೆಯಡಿಕೆ ಹಾಕಿಕೊಂಡರು.

ಇಷ್ಟಾದ ಮೇಲೆ ಕೃತಿ ಮನೆ ಬಿಟ್ಟು ಹೊರಟಿತು: ಚನ್ನಪಟ್ಟಣದ ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿದ ತಂತಿಯಲ್ಲಿ, ಗೆಳೆಯನ ಕಾರಿನಲ್ಲಿ, ಫೋನಿನ ಕಡಲೆಯಷ್ಟು ಸ್ಪೀಕರಿನಲ್ಲಿ. ಫೋನಿನಲ್ಲಿ ಡಬಲ್ ಬೇಸ್ ಪೂರ್ತಿ ಮಾಯ! ಅದೇ ಸಾಲನ್ನು ಒಂದು ಸ್ಥಾಯಿ ಮೇಲೆ ಬಸೂನಿನಲ್ಲಿ ಮೆಲ್ಲಗೆ ಹಾಕಿದ ಮೇಲೆ ನಡಿಗೆ ಮತ್ತೆ ಕೇಳಿಸಿತು.

ಇದನ್ನು ಹುಚ್ಚು ಎನ್ನುವವರು, ಅದೇ ಹೆದ್ದಾರಿಯಲ್ಲಿ ಇನ್ನೂ ಮುಂದೆ ಹೋಗಿ ಮೈಸೂರನ್ನು ನೆನೆಯಬೇಕು. ಜಯಚಾಮರಾಜೇಂದ್ರ ಒಡೆಯರ ಅರಮನೆಯಲ್ಲಿ ಸುಮಾರು 20,000 ಧ್ವನಿಮುದ್ರಿಕೆಗಳಿದ್ದವು, ಅವುಗಳನ್ನು ಕೇಳಲು ಬಗೆಬಗೆಯ ಸ್ಪೀಕರುಗಳಿದ್ದವು. ಲಂಡನ್ನಿನಲ್ಲಿ ಕಾಯಿಲೆಯಿಂದ ಮೂಲೆ ಸೇರಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಮುದ್ರಿಸಲು 1940ರ ದಶಕದಲ್ಲಿ ಹಣವೊದಗಿಸಿದವರು ಅವರು. ಆತ ತನ್ನ ಮೂರನೆಯ ಪಿಯಾನೋ ಕಂಚೆರ್ಟೊವನ್ನು ಅವರಿಗೆ ಅರ್ಪಿಸಿದ. ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದಕ್ಕೂ ಮಹಾರಾಜರ ಹಣದ ಬೆಂಬಲವಿತ್ತು. ಅವರು ಅಂದು ಅಲ್ಲಿರಲಿಲ್ಲ; ತಮಗಾಗಿ ಅದನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದು ಏರ್ಪಾಡು. ಇಂಥ ಒಬ್ಬ ಕೇಳುಗ ಸಮುದ್ರದಾಚೆ ಇದ್ದಾನೆಂದರೆ ಯಾವ ಸಂಗೀತಕಾರನಿಗೆ ಧೈರ್ಯ ಬಾರದು?

ರಾಮನಗರದ ತರುಣನಿಗೆ ಉಳಿದದ್ದು ಮುಕ್ತಾಯದ ತೊಡಕು. ಅವನ ಕೃತಿ ಜೋರಾಗಿ ಮುಗಿಯುವುದಿಲ್ಲ. ವಾದ್ಯಗಳು ಒಂದೊಂದಾಗಿ ಬಿಟ್ಟುಹೋಗಿ, ಚೆಲ್ಲೊಗಳ ಒಂದು ಸುತ್ತು ನಿಧಾನವಾಗುತ್ತ ನಿಲ್ಲುತ್ತದೆ. ಕೇಳಿದವರೆಲ್ಲ ಇದಕ್ಕೆ ಆಕ್ಷೇಪಿಸಿದರು. “ಮುಗೀತೋ ಇಲ್ವೋ ಗೊತ್ತಾಗಾಕಿಲ್ಲ, ನಗಾರಿ ಹೊಡ್ದು ಮುಗ್ಸು” ಎಂದರು ದೊಡ್ಡಪ್ಪ. 1 ನಿಮಿಷ 40ರಲ್ಲಿ ಗೆದ್ದ ಕಿವಿ ಅದು, ತಳ್ಳಿಹಾಕುವುದು ಸುಲಭವಲ್ಲ.

ಅವನ ಕಿಟಕಿಗೆ ರಾಮದೇವರ ಬೆಟ್ಟ ಕಾಣುತ್ತದೆ. ಆ ಬಂಡೆಗಳ ನಡುವೆ ಚಿತ್ರಿಸಿದ ‘ಶೋಲೆ’ 1975ರ ಆಗಸ್ಟ್ 15ರಂದು ತೆರೆಕಂಡಾಗ ಮೊದಲ ದಿನಗಳ ಅಭಿಪ್ರಾಯ ತಣ್ಣಗಿತ್ತು. ಜೈ ಸಾಯುವುದನ್ನು ತಿದ್ದಿ ಅವನನ್ನು ಬದುಕಿಸಿಬಿಡೋಣವೇ ಎಂಬ ಮಾತು ನಿರ್ಮಾಪಕರಲ್ಲಿ ನಡೆಯಿತು. ಕೆಲವು ದಿನ ಕಾಯೋಣವೆಂದರು, ಕಾದರು, ತಿದ್ದಲಿಲ್ಲ. ಚಿತ್ರ ಮುಂಬಯಿಯ ಮಿನರ್ವದಲ್ಲಿ ಐದು ವರ್ಷ ಓಡಿತು. ಸೆನ್ಸಾರ್ ಮಂಡಲಿ ಹೇಳಿದ ಇನ್ನೊಂದು ತಿದ್ದುಪಡಿಯನ್ನು, ಠಾಕೂರನು ಗಬ್ಬರನನ್ನು ಕೊಲ್ಲದೆ ಪೋಲೀಸರಿಗೆ ಒಪ್ಪಿಸುವುದನ್ನು, ಮಾತ್ರ ಅವರು ಒಪ್ಪಲೇಬೇಕಾಯಿತು.

ತರುಣನೂ ಒಂದು ವಾರ ಕಾದ. ಅಲ್ಲಿಯವರೆಗೆ ಅವನು ತಾಯಿಯನ್ನು ಕೇಳಿರಲಿಲ್ಲ. ತಾಯಿ ಏನು ಹೇಳುತ್ತಾರೆಂಬುದು ಗೊತ್ತಿದ್ದದ್ದೇ. ಆ ಸಂಜೆ ಅವರು ಮೇಷ್ಟರು ಮಾಗಡಿಯಿಂದ ಕಳುಹಿಸಿದ್ದ ಅವರೆಯ ಕಾಳನ್ನು ನೆನೆಹಾಕಿ ಹಿದುಕುತ್ತ ಕೋಣೆಯ ಬಾಗಿಲಲ್ಲಿ ಕುಳಿತಿದ್ದರು. ಅವನು ಏನೂ ಕೇಳದೆ ಕೃತಿಯನ್ನು ಹಾಕಿ, ಅವರ ಕೈಯನ್ನೇ ನೋಡುತ್ತ ಕುಳಿತ. ಮೂರೂವರೆ ನಿಮಿಷ ಕಾಳುಗಳು ಒಂದೇ ಸಮನೆ ಪಾತ್ರೆಗೆ ಬೀಳುತ್ತಿದ್ದವು. ಚೆಲ್ಲೊಗಳು ನಿಧಾನವಾಗುತ್ತ ಬಂದಂತೆ ಕೈಯೂ ನಿಧಾನವಾಯಿತು, ನಿಂತಿತು.

“ಗೂಡು ಮುಗಿದ ಸಂಜೆ ನಿಮ್ಮಪ್ಪ ಕೈ ತೆಗೆದ ಮೇಲೆ ಚರಕ ಹಿಂಗೇ ನಿಲ್ತಾ ಇತ್ತು” ಎಂದರು.

ಅವನು ಅವರಿಗೆ ಕೃತಿಯ ಹೆಸರನ್ನೂ ಹೇಳಿರಲಿಲ್ಲ. ನಗಾರಿಯ ಮಾತು ಅಲ್ಲಿಗೆ ಬಿತ್ತು.

ಸ್ವಲ್ಪ ಹೊತ್ತಿನ ಮೇಲೆ ತಾಯಿ ಮತ್ತೆ ಪಾತ್ರೆಗೆ ಕೈ ಹಾಕಿ, “ಆದ್ರೆ ಮೊದಲಲ್ಲಿ ಆ ಕೊಳಲು ವಸಿ ಜೋರಾಯ್ತು ಕಣಪ್ಪ” ಎಂದರು. ಅವನು ಪೆನ್ಸಿಲಿಗಾಗಿ ಹುಡುಕಿದ.