ಆಕಾಶಕ್ಕಿಂತ ಕಪ್ಪಾದ ಚಂದ್ರನ ಕಲೆ

ಹಂಪಿಯ ಕಲ್ಲಿನ ರಥ, ಅದರ ಬೆನ್ನಿಗೆ ರಥದಷ್ಟೇ ಎತ್ತರದ ಹುಣ್ಣಿಮೆ ಚಂದ್ರ. ಇಂಥ ಜೋಡಣೆಯ ಚಿತ್ರಗಳು ಈಗ ದಂಡಿಯಾಗಿ ಕಣ್ಣಿಗೆ ಬೀಳುತ್ತವೆ, ನನಗೆ ಅವು ಇಷ್ಟ ಕೂಡ. ಆದರೆ ಅವಕ್ಕೆ ಸಿಗುವ ಉತ್ತರಗಳು ಎರಡೇ. ಒಬ್ಬರು ‘ಅದ್ಭುತ’ ಅನ್ನುತ್ತಾರೆ. ಇನ್ನೊಬ್ಬರು ‘ಇದು ಫೋಟೋನೇ ಅಲ್ಲ, ಎಡಿಟಿಂಗ್’ ಎಂದು ಮುಖ ತಿರುಗಿಸುತ್ತಾರೆ. ಇಬ್ಬರೂ ಚಿತ್ರವನ್ನು ನಿಂತು ನೋಡಿದ ಗುರುತಿಲ್ಲ. ರಾತ್ರಿಗಟ್ಟಲೆ ಕೂತು ಲೇಯರ್ ಮೇಲೆ ಲೇಯರ್ ಜೋಡಿಸಿದವರಿಗೆ ಈ ಮಾತುಗಳಿಂದ ನಾಳೆ ತಿದ್ದಲು ಏನೂ ಸಿಗುವುದಿಲ್ಲ. ಎಡಿಟ್ ಮಾಡಿದ ಸೃಜನಶೀಲ ಚಿತ್ರಕ್ಕೆ ನೇರ ಫೋಟೋಗಿಂತ ಹೆಚ್ಚು ಕಟ್ಟುನಿಟ್ಟಾದ ವಿಮರ್ಶೆ ಸಲ್ಲಬೇಕು ಎಂಬುದು ನನ್ನ ವಾದ. ಬೀದಿಯಲ್ಲಿ ತೆಗೆದ ಚಿತ್ರದಲ್ಲಿ ಬೆಳಕು ಕೈಕೊಟ್ಟರೆ ‘ಆ ಹೊತ್ತಿಗೆ ಹಾಗೇ ಇತ್ತು’ ಎನ್ನಬಹುದು, ಆ ಹೊತ್ತು ಮರಳುವುದೂ ಇಲ್ಲ. ಜೋಡಿಸಿದ ಚಿತ್ರದಲ್ಲಿ ಪ್ರತಿಯೊಂದೂ ಯಾರೋ ಬೇಕೆಂದೇ ಇಟ್ಟದ್ದು. ಲೇಯರ್‌ಗಳನ್ನು ಉಳಿಸಿಕೊಂಡಿದ್ದರೆ ಪ್ರತಿಯೊಂದನ್ನೂ ಇವತ್ತೂ ಸರಿಸಬಹುದು. ಹೇಳಿದ ಮಾತು ಅದೇ ಚಿತ್ರಕ್ಕೆ ಉಪಯೋಗಕ್ಕೆ ಬರುವುದು ಇಲ್ಲಿ ಮಾತ್ರ.

‘ಫೋಟೋನೇ ಅಲ್ಲ’ ಎನ್ನುವವರಿಗೆ ಇತಿಹಾಸದ ಬಲವೂ ಇಲ್ಲ. ನೆಗೆಟಿವ್‌ಗೆ ಆಗ ಬಳಸುತ್ತಿದ್ದ ಕೊಲೋಡಿಯನ್ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕೆಂದರೆ ಅತಿ ಚುರುಕು. ನೆಲಕ್ಕೆ ಬೇಕಾದಷ್ಟು ಹೊತ್ತು ಬೆಳಕು ಕೊಟ್ಟರೆ ಆಕಾಶ ಬರೀ ಬಿಳಿ. ಹಾಗಾಗಿ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಸಮುದ್ರಕ್ಕೊಂದು, ಮೋಡಕ್ಕೊಂದು ನೆಗೆಟಿವ್ ಬಳಸಿ ಎರಡನ್ನೂ ಒಂದೇ ಪ್ರಿಂಟಿನಲ್ಲಿ ಕೂಡಿಸಿದ. ಆಸ್ಕರ್ ರೈಲಾಂಡರ್ 1857ರಲ್ಲಿ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳಿಂದ ಒಂದೇ ಚಿತ್ರ ಕಟ್ಟಿದ. ಮರುವರ್ಷ ಹೆನ್ರಿ ಪೀಚ್ ರಾಬಿನ್ಸನ್ ಸಾಯುತ್ತಿರುವ ಹುಡುಗಿಯ ಚಿತ್ರವನ್ನು ಐದು ನೆಗೆಟಿವ್‌ಗಳಿಂದ ಮಾಡಿದ. 1889ರಲ್ಲಿ ಈ ಪದ್ಧತಿಯನ್ನು ಪುಸ್ತಕ ಬರೆದು ಖಂಡಿಸಿದ ಪೀಟರ್ ಹೆನ್ರಿ ಎಮರ್ಸನ್, ಸ್ವಲ್ಪ ಸಮಯದಲ್ಲೇ ಫೋಟೋಗ್ರಫಿ ಕಲೆ ಎಂಬ ತನ್ನ ವಾದವನ್ನೇ ಹಿಂದಕ್ಕೆ ತೆಗೆದುಕೊಂಡ. ಫೋಟೋಶಾಪ್ ಬಂದದ್ದು 1990ರಲ್ಲಿ, ಅದರಲ್ಲಿ ಲೇಯರ್ ಬಂದದ್ದು 1994ರಲ್ಲಿ. ಜಗಳ ಅದಕ್ಕಿಂತ ಒಂದು ಶತಮಾನ ಹಳೆಯದು, ಇನ್ನು ಸಾಕು.

ಮತ್ತೆ ರಥದ ಹಿಂದಿನ ಚಂದ್ರನಿಗೆ ಬರೋಣ. ಸ್ವಲ್ಪ ತಿಳಿದವರು ಇಲ್ಲಿ ಗಾತ್ರದ ಲೆಕ್ಕ ತೆಗೆಯುತ್ತಾರೆ. ಫೋಕಲ್ ಲೆಂಗ್ತನ್ನು ಸುಮಾರು 110ರಿಂದ ಭಾಗಿಸಿದರೆ ಸೆನ್ಸರಿನ ಮೇಲೆ ಚಂದ್ರನ ಅಗಲ ಸಿಗುತ್ತದೆ; 24 ಮಿ.ಮೀ. ಲೆನ್ಸಿನಲ್ಲಿ ಅದು 0.2 ಮಿ.ಮೀ.ಗಿಂತ ಕೊಂಚ ಹೆಚ್ಚು, 36 ಮಿ.ಮೀ. ಅಗಲದ ಫುಲ್ ಫ್ರೇಮಿನಲ್ಲಿ ಒಂದು ಚುಕ್ಕೆ. ಲೆಕ್ಕ ಸರಿ, ವಿಮರ್ಶೆ ತಪ್ಪು. ಚಂದ್ರನನ್ನು ದೊಡ್ಡದು ಮಾಡುವುದು ಕಲಾವಿದನ ಹಕ್ಕು, ಅದನ್ನು ಪ್ರಶ್ನಿಸುವುದು ಕಥೆಗಾರನನ್ನು ‘ಹೀಗೆ ನಡೆದಿತ್ತೇ?’ ಎಂದು ಕೇಳಿದಂತೆ. ಕಣ್ಣು ಎಡವುವುದು ಬೇರೆಡೆ. ಮುಸ್ಸಂಜೆಯ ನೀಲಿಯಲ್ಲಿ ಚಂದ್ರ ಮೂಡಿದಾಗ ಅದರ ಕಲೆಗಳನ್ನು ಗಮನಿಸಿ ನೋಡಿ: ಅವು ಸುತ್ತಲಿನ ಆಕಾಶಕ್ಕಿಂತ ಎಂದೂ ಕಪ್ಪಾಗಿರುವುದಿಲ್ಲ. ನಮಗೂ ಚಂದ್ರನಿಗೂ ನಡುವೆ ಬೆಳಗುತ್ತಿರುವ ಗಾಳಿಯಿದೆ, ಅದರ ಬೆಳಕು ಹಿಂದಿರುವ ಎಲ್ಲದರ ಮೇಲೂ ಸೇರಿಕೊಳ್ಳುತ್ತದೆ. ನಡುರಾತ್ರಿ ತೆಗೆದ ಚಂದ್ರನನ್ನು ತಂದು ಸಂಜೆಯ ನೀಲಿಗೆ ಅಂಟಿಸಿದರೆ ಕಲೆಗಳು ಆಕಾಶದಲ್ಲಿ ಕೊರೆದ ತೂತುಗಳಂತೆ ಕಾಣುತ್ತವೆ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ‘ಏನೋ ಅಂಟಿಸಿದ ಹಾಗಿದೆ’ ಅನಿಸಿಬಿಡುತ್ತದೆ. ಪರಿಹಾರ ಒಂದು ಕ್ಲಿಕ್ಕಿನದು: ಆ ಲೇಯರಿನ ಬ್ಲೆಂಡ್ ಮೋಡನ್ನು ಸ್ಕ್ರೀನ್‌ಗೆ ಬದಲಿಸಿದರೆ ಕಪ್ಪು ಏನನ್ನೂ ಸೇರಿಸುವುದಿಲ್ಲ, ಬೆಳಕು ಮಾತ್ರ ಸೇರುತ್ತದೆ. ದೂರದ ಬೆಟ್ಟಕ್ಕೂ ಇದೇ ನಿಯಮ. ಮುಳ್ಳಯ್ಯನಗಿರಿಯಲ್ಲಿ ನಿಂತರೆ ಒಂದೊಂದು ಸಾಲು ದಾಟಿದಂತೆಯೂ ನೆರಳು ತಿಳಿಯಾಗುತ್ತ, ನೀಲಿಯಾಗುತ್ತ ಹೋಗುತ್ತದೆ. ಹತ್ತಿರದ ಬಂಡೆಯಷ್ಟೇ ಕಪ್ಪಿರುವ ದೂರದ ಬೆಟ್ಟವನ್ನು ಕಣ್ಣು ಒಪ್ಪುವುದಿಲ್ಲ. ಇನ್ನು ಬೆಳಕಿನ ದಿಕ್ಕು. ಚಂದ್ರ ರಥದ ಹಿಂದಿದ್ದು ಅದರಿಂದಲೇ ಬೆಳಕು ಬರುತ್ತಿದೆ ಎಂಬುದು ಚಿತ್ರದ ಮಾತಾದರೆ, ರಥದ ಮುಂಭಾಗ ಮಬ್ಬಾಗಿ, ಅಂಚು ಮಾತ್ರ ಹೊಳೆದು, ನೆರಳು ನಮ್ಮ ಕಡೆಗೆ ಚಾಚಿರಬೇಕು. ಚಕ್ರದ ಕೆತ್ತನೆಯ ಮೇಲೆ ಮಧ್ಯಾಹ್ನದ ಬಿಸಿಲು ಹಾಗೇ ಉಳಿದಿದ್ದರೆ ಆ ಮಾತು ಸುಳ್ಳಾಗುತ್ತದೆ. ‘ಓವರ್ ಎಡಿಟ್ ಆಗಿದೆ’ ಎನ್ನುವ ಸ್ಪರ್ಧೆಯ ತೀರ್ಪುಗಾರರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ಇಂಥ ಚಿತ್ರಗಳು ಬಹುಪಾಲು ಸೋಲುವುದು ಅರ್ಧ ಕೆಲಸಕ್ಕೇ ನಿಲ್ಲಿಸಿದ್ದರಿಂದ. ಇನ್ನಷ್ಟು ಮಾಡಿ ಎನ್ನಬೇಕಾದಲ್ಲಿ ಕಡಿಮೆ ಮಾಡಿ ಎಂದು ಹೇಳಿ ಕಳಿಸುವುದು ಕಲಿಯುವವರಿಗೆ ಮಾಡುವ ಅನ್ಯಾಯ.

ಕನಸಿನ ಚಿತ್ರಕ್ಕೆ ಭೌತಶಾಸ್ತ್ರ ಯಾಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಉತ್ತರ ರೆನೆ ಮಾಗ್ರಿಟ್‌ನಲ್ಲಿದೆ. 1949ರಿಂದ ಆತ ಮತ್ತೆ ಮತ್ತೆ ಬಿಡಿಸಿದ ‘ಬೆಳಕಿನ ಸಾಮ್ರಾಜ್ಯ’ದಲ್ಲಿ ಮೇಲೆ ಹಗಲಿನ ಆಕಾಶ, ಕೆಳಗೆ ದೀಪ ಹಚ್ಚಿದ ರಾತ್ರಿಯ ಮನೆ. ಅಸಾಧ್ಯವಾದದ್ದು ಅದೊಂದೇ, ಉಳಿದದ್ದೆಲ್ಲ ಶಿಸ್ತಾಗಿದೆ, ದೀಪದ ಬೆಳಕು ಗೋಡೆಯ ಮೇಲೆ ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತದೆ. ಆದ್ದರಿಂದಲೇ ಆ ಒಂದು ವಿರೋಧ ನಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಹಾಗಾಗಿ ವಿಮರ್ಶಕ ಮೊದಲು ಕೇಳಬೇಕಾದದ್ದು, ಇಲ್ಲಿ ಯಾವ ಸುಳ್ಳು ಬೇಕೆಂದು ಹೇಳಿದ್ದು, ಯಾವುದು ಕೈತಪ್ಪಿ ನುಸುಳಿದ್ದು ಎಂದು. ಸ್ಪರ್ಧೆಗಳ ವನ್ಯಜೀವಿ ವಿಭಾಗದಲ್ಲಿ, ಸುದ್ದಿಚಿತ್ರದಲ್ಲಿ ಈ ಸ್ವಾತಂತ್ರ್ಯವಿಲ್ಲ, ಇರಲೂಬಾರದು. ಆದರೆ ಆ ನಿಯಮವನ್ನು ಸೃಜನಶೀಲ ವಿಭಾಗಕ್ಕೆ ಎಳೆದು ತರಬಾರದು.

ಹೊಸಬರಿಗೆ ಇಷ್ಟೆಲ್ಲ ಹೇಳಿದರೆ ಉತ್ಸಾಹ ಕುಂದುತ್ತದೆ, ಬೆನ್ನು ತಟ್ಟಿದರೆ ಸಾಕು ಎನ್ನುವವರೂ ಇದ್ದಾರೆ. ಕುಗ್ಗಿಸುವುದು ಅಸ್ಪಷ್ಟ ಮಾತು. ‘ಜೀವ ಇಲ್ಲ’ ಎಂದರೆ ಮನುಷ್ಯ ತನ್ನನ್ನೇ ಅನುಮಾನಿಸತೊಡಗುತ್ತಾನೆ. ‘ಎಡಗಡೆಯ ಕಂಬದ ನೆರಳು ತಿರುಗಬೇಕು’ ಎಂದರೆ ಕಂಪ್ಯೂಟರ್ ಮುಂದೆ ಹೋಗಿ ಕೂರುತ್ತಾನೆ. ಹತ್ತು ತಪ್ಪು ಕಂಡರೂ ಒಂದನ್ನೋ ಎರಡನ್ನೋ ಹೇಳಿದರೆ ಸಾಕು, ಉಳಿದವು ಮುಂದಿನ ಸಲಕ್ಕಿರಲಿ. ಇನ್ನು ಮುಂದೆ ಯಾರಾದರೂ ಇಂಥ ಚಿತ್ರವನ್ನು ನಿಮ್ಮ ಮುಂದಿಟ್ಟರೆ ದಯವಿಟ್ಟು ‘ಸೂಪರ್’ ಎಂದು ಹೇಳಿ ಮುಂದೆ ಹೋಗಬೇಡಿ. ಐದು ನಿಮಿಷ ಕೊಡಿ, ಬೆಳಕು ಎಲ್ಲಿಂದ ಬರುತ್ತಿದೆ ಎಂದು ಅವರನ್ನೇ ಕೇಳಿ.