ಹಿಂದಿನ ಭಾರ

ಎಳೆದುಕೊಂಡು ಹೋಗುವವನಿಗಷ್ಟೇ ಕಷ್ಟ, ಎಳೆಸಿಕೊಳ್ಳುವುದಕ್ಕೆ ಏನು ಕಷ್ಟ ಎಂದು ನಾವು ತಿಳಿಯುತ್ತೇವೆ. ಈ ಮಾತು ಏರಿನಲ್ಲಿ ನಿಜ, ಸಮನೆಲದಲ್ಲೂ ನಿಜ. ಇಳಿಜಾರಿಗೆ ಬಂದೊಡನೆ ಸುಳ್ಳಾಗುತ್ತದೆ. ಅಲ್ಲಿ ಎಳೆಸಿಕೊಳ್ಳುತ್ತಿದ್ದುದೇ ತಳ್ಳತೊಡಗುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರನ್ನು ಕಂಡಾಗಲೆಲ್ಲ ಕನ್ನಡದ ಮೇಷ್ಟರಾದ ನನಗೆ ಸಮಾಸ ಪ್ರಕರಣ ನೆನಪಾಗುತ್ತದೆ. ಸಮನೆಲದಲ್ಲಿ ಅದು ಅಂಶಿ, ಪೂರ್ವಪದವೇ ಪ್ರಧಾನ. ಇಳಿಜಾರಿನಲ್ಲಿ ಅದು ತತ್ಪುರುಷ, ಉತ್ತರಪದದ್ದೇ ದರ್ಬಾರು. ಪರೀಕ್ಷೆಯಲ್ಲಿ ಇದು ತಪ್ಪಿದರೆ ಒಂದೆರಡು ಅಂಕ ಹೋದೀತು. ರಸ್ತೆಯ ಲೆಕ್ಕ ಬೇರೆ.

ನಾನು ಮಂಡ್ಯದ ಕಡೆಯವನು. 1933ರಲ್ಲಿ ಅಲ್ಲಿ ಸಕ್ಕರೆ ಕಂಪೆನಿ ಸ್ಥಾಪನೆಯಾದ ಮೇಲೆ ನಮ್ಮವರ ಬಾಳು ಕಬ್ಬಿಗೆ ಅಂಟಿಕೊಂಡಿತು. ಹಿರಿಯರು ಎತ್ತಿನ ಗಾಡಿಯಲ್ಲಿ ಹೇರಿದರು; ನಮ್ಮ ದೊಡ್ಡಪ್ಪನ ಮಗ ಟ್ರ್ಯಾಕ್ಟರಿನಲ್ಲಿ ಹೇರುತ್ತಾನೆ. “ನೋಡಪ್ಪಾ ಮೇಷ್ಟ್ರೇ, ಎಳೆಯೋದೇನು ದೊಡ್ಡದಲ್ಲ, ನಿಲ್ಸೋದು ದೊಡ್ಡದು,” ಎಂಬುದು ಅವನ ಸೂತ್ರ. ಅದರ ಭಾಷ್ಯವೆಲ್ಲ ಅವನ ಕೈಗೆಲಸದಲ್ಲಿದೆ.

ಟ್ರ್ಯಾಕ್ಟರಿನ ಎಡಬಲದ ಹಿಂಚಕ್ರಗಳಿಗೆ ಬೇರೆಬೇರೆ ಬ್ರೇಕು ಪೆಡಲುಗಳುಂಟು. ಹೊಲದಲ್ಲಿ ಗಕ್ಕನೆ ತಿರುಗಿಸಲು ಅದು ಅನುಕೂಲ. ರಸ್ತೆಗಿಳಿಯುವ ಮುನ್ನ ಎರಡನ್ನೂ ಜೋಡಿಸಿ ಚಿಲಕ ಹಾಕದಿದ್ದರೆ, ಅವಸರದಲ್ಲಿ ಒಂದೇ ಕಾಲಡಿಗೆ ಸಿಕ್ಕಿ ಗಾಡಿ ಪಕ್ಕಕ್ಕೆ ಎಳೆದು ಮಗುಚೀತು. ಅಣ್ಣ ಮೊದಲು ಆ ಚಿಲಕ ನೋಡುತ್ತಾನೆ. ಆಮೇಲೆ ಕೊಂಡಿಯ ಪಿನ್ನು ಕಳಚದಂತೆ ಭದ್ರವಾಗಿದೆಯೇ ಎಂದು ಮುಟ್ಟಿ ನೋಡುತ್ತಾನೆ. ಹೇರುವಾಗ ಎತ್ತಿನ ಗಾಡಿಯ ನ್ಯಾಯವೇ. ಹಿಂಭಾರವಾದರೆ ಮೂಕಿ ಏಳುತ್ತದೆ. ಮುಂಭಾರವಾದರೆ ಎತ್ತಿನ ಕತ್ತಿಗೆ ಕುತ್ತು. ಇಲ್ಲಿ ಕೊಂಡಿಯ ಮೇಲೆ ಭಾರ ಅತಿಯಾದರೆ ಟ್ರ್ಯಾಕ್ಟರಿನ ಮುಂಚಕ್ರಗಳು ನೆಲ ಬಿಟ್ಟೇಳುತ್ತವೆ. ಸ್ಟಿಯರಿಂಗ್ ಇದ್ದೂ ಇಲ್ಲದಂತೆ. ಇಳಿಜಾರಿನ ತಲೆಯಲ್ಲೇ ಅವನು ಗೇರು ಇಳಿಸುತ್ತಾನೆ. ನ್ಯೂಟ್ರಲಿಗೆ ಹಾಕಿ ಡೀಸೆಲ್ ಉಳಿಸುವ ಜಾಣತನ ಅವನಲ್ಲಿಲ್ಲ. ನಡು ಇಳಿಜಾರಿನಲ್ಲಿ ತಟ್ಟನೆ ಬ್ರೇಕು ಒತ್ತಿದರೆ ಟ್ರ್ಯಾಕ್ಟರು ನಿಂತರೂ ಹಿಂದಿನ ಟನ್ನುಗಟ್ಟಲೆ ಕಬ್ಬು ನಿಲ್ಲದು. ಟ್ರೇಲರು ಅಡ್ಡ ತಿರುಗಿ ತನ್ನನ್ನು ಎಳೆದವನಿಗೇ ಬಡಿಯುತ್ತದೆ.

ಕೊಂಡಿಯ ಮೇಲೆ ಅವನು ಯಾರನ್ನೂ ಕೂರಿಸುವುದಿಲ್ಲ. ಪಕ್ಕದೂರಿನ ಹುಡುಗನೊಬ್ಬ ಬೇರೆಯವರ ಗಾಡಿಯಲ್ಲಿ ಹಾಗೆ ಕೂತು ಹೋದವನು ಮನೆಗೆ ಮರಳಲಿಲ್ಲ. ಚಲಿಸುವ ಗಾಡಿಯಿಂದ ಕಬ್ಬು ಕೀಳಲು ಶಾಲೆಯ ಮಕ್ಕಳು ಓಡಿಬಂದರೆ ಅಣ್ಣ ಬೈಯುವುದಿಲ್ಲ. ಗಾಡಿಯನ್ನು ನಿಲ್ಲಿಸಿ, ತಾನೇ ಒಂದೊಂದು ಜಲ್ಲೆ ಕೊಟ್ಟು ಕಳಿಸುತ್ತಾನೆ. ನಷ್ಟವಲ್ಲವೇ ಎಂದು ಒಮ್ಮೆ ಕೇಳಿದೆ. “ಕಬ್ಬಾದ್ರೆ ಕೂಳೆ ಬರ್ತದೆ ಕಣಪ್ಪಾ, ಹುಡುಗ ಬರ್ತಾನಾ?” ಎಂದ.

ಪಟ್ಟಣಿಗರಾದ ನಮಗೂ ಇದರಲ್ಲಿ ಪಾಲಿದೆ. 2023ರ ಆಗಸ್ಟಿನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದ ಬೈಕು, ಟ್ರ್ಯಾಕ್ಟರುಗಳನ್ನು ಒಟ್ಟಿಗೇ ಹೊರಹಾಕಿದರು. ಅಂದಿನಿಂದ ನನ್ನ ಸ್ಕೂಟರೂ ಅವನ ಟ್ರೇಲರೂ ಒಂದೇ ಪಕ್ಕದ ರಸ್ತೆಯ ಒಕ್ಕಲುಗಳು. ತಿರುವಿನಲ್ಲಿ ಟ್ರೇಲರು ಟ್ರ್ಯಾಕ್ಟರಿಗಿಂತ ಒಳಗೆ ಕತ್ತರಿಸಿಕೊಂಡು ಬರುತ್ತದೆ. ಜಾಗ ಕಂಡಿತೆಂದು ಎಡಕ್ಕೆ ನುಗ್ಗುವವನಿಗೆ ಅದು ಉಳಿಯುವುದಿಲ್ಲ. ಅದರ ಮುಂದೆ ನುಸುಳಿ ಬ್ರೇಕು ಹಾಕುವವನೂ ಅದು ತನ್ನಂತೆ ನಿಂತೀತೆಂದು ನಂಬಬಾರದು. ಕತ್ತಲಲ್ಲಿ ಇನ್ನೂ ಅಪಾಯ: ಜೋತುಬಿದ್ದ ಸೋಗೆ ಹಿಂದಿನ ದೀಪವನ್ನೇ ಮುಚ್ಚುತ್ತದೆ.

ಈ ಹಂಗಾಮಿಗೆ ಅಣ್ಣನ ಮಗ ಗಾಡಿ ಹಿಡಿದಿದ್ದಾನೆ. ಹತ್ತೊಂಬತ್ತರ ಹುಡುಗ, ಹಾಡು ಜೋರು. ಆದರೂ ಮೊನ್ನೆ ಕತ್ತಲಾಗುವ ಮೊದಲು ಅವನು ಗಾಡಿಯನ್ನು ಬದಿಗೆ ನಿಲ್ಲಿಸಿ, ಹಾಡನ್ನು ಆರಿಸಿ, ಕುಡುಗೋಲಿನಿಂದ ದೀಪದ ಮೇಲಿನ ಸೋಗೆ ಸವರುತ್ತಿದ್ದುದನ್ನು ಕಂಡೆ. ನನ್ನನ್ನು ನೋಡಿ, “ಕಾಣ್ತದಾ ಚಿಕ್ಕಪ್ಪಾ?” ಎಂದ. ಕಾಣುತ್ತಿತ್ತು.