ಇಪ್ಪತ್ತಾರು ಅಂಕಿಗಳ ಉತ್ತರ

1980ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಿಂದ ಪಕ್ಷೇತರರಾಗಿ ನಿಂತವರಲ್ಲಿ ಬೆಂಗಳೂರಿನ ಶಕುಂತಲಾದೇವಿಯೂ ಒಬ್ಬರು. ಮೇದಕ್‌ನಲ್ಲಿ ಇಂದಿರಾ ಗಾಂಧಿಯವರ ಎದುರೂ ನಿಂತಿದ್ದರು. ಎರಡೂ ಕಡೆ ಸೋತರು. ಮತಗಳ ಲೆಕ್ಕ ಮಾತ್ರ ಅವರಿಗೆ ಒಲಿಯಲಿಲ್ಲ.

ಅದೇ ವರ್ಷ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಅಲ್ಲಿನ ಕಂಪ್ಯೂಟರ್ ವಿಭಾಗ ಮನಬಂದಂತೆ ಆರಿಸಿದ ಎರಡು ಸಂಖ್ಯೆಗಳನ್ನು ಅವರ ಮುಂದಿಟ್ಟರು: 7686369774870 ಮತ್ತು 2465099745779. ಗುಣಿಸಿ ಉತ್ತರ ಹೇಳಲು ಅವರಿಗೆ ಹಿಡಿದದ್ದು 28 ಸೆಕೆಂಡು.

18947668177995426462773730

ಸುಮಾರು 18,947 ಕೋಟಿ ಕೋಟಿ ಕೋಟಿ. ಸರ್ಕಸ್ಸಿನಲ್ಲಿ ದುಡಿಯುತ್ತಿದ್ದವರ ಮಗಳು, ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದವರು. ಇದರಲ್ಲೇನೋ ಕೈಚಳಕವಿದೆ ಎಂಬ ಅನುಮಾನ ಇಂಥವರ ಬೆನ್ನು ಬಿಡುವುದಿಲ್ಲ. ಆದರೆ ಸಂಖ್ಯೆ ಎದುರಿಗೇ ಇದೆ. ಅಂಧೇರಿಯಿಂದ ಚರ್ಚ್‌ಗೇಟ್‌ಗೆ ಹೋಗುವ ಲೋಕಲ್‌ನಲ್ಲಿ, ಸೀಟು ಸಿಕ್ಕರೆ, ಪೆನ್ಸಿಲ್ ಹಿಡಿದು ಯಾರಾದರೂ ತಾಳೆ ನೋಡಬಹುದು.

ಮೊದಲು ಒಂಬತ್ತರ ತಾಳೆ. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78, ಒಂಬತ್ತರಿಂದ ಭಾಗಿಸಿದರೆ ಶೇಷ 6. ಎರಡನೆಯದರ ಮೊತ್ತ 74, ಶೇಷ 2. ಆರೆರಡಲ ಹನ್ನೆರಡು, ಅದರ ಶೇಷ 3. ಉತ್ತರದ ಅಂಕಿಗಳ ಮೊತ್ತ 138, ಅದರ ಶೇಷವೂ 3. ಸರಿಯಾಯಿತು.

ಇಷ್ಟು ಸಾಲದು. ಹೇಳುವ ಭರದಲ್ಲಿ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಮೊತ್ತ ಬದಲಾಗುವುದಿಲ್ಲ, ಒಂಬತ್ತರ ತಾಳೆಗೆ ಆ ತಪ್ಪು ಕಾಣುವುದೇ ಇಲ್ಲ. ಬ್ಯಾಂಕುಗಳಲ್ಲಿ ಲೆಡ್ಜರ್ ಬರೆದ ಹಳಬರಿಗೆ ಇದು ಗೊತ್ತು: ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅವರು ಮೊದಲು ಹುಡುಕುವುದು ತಿರುಗುಮುರುಗಾದ ಅಂಕಿಗಳನ್ನು. ಈ ತಪ್ಪನ್ನು ಹಿಡಿಯುವುದು ಹನ್ನೊಂದು. ಒಂದು ಬಿಟ್ಟು ಒಂದು ಅಂಕಿ ಕೂಡಿಸಿ, ಉಳಿದವನ್ನು ಬೇರೆಯಾಗಿ ಕೂಡಿಸಿ, ಎರಡು ಮೊತ್ತಗಳ ವ್ಯತ್ಯಾಸ ನೋಡಬೇಕು. ಅದು ಸೊನ್ನೆಯಾದರೆ ಅಥವಾ ಹನ್ನೊಂದರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ.

ಎರಡನೆಯ ಸಂಖ್ಯೆಯಲ್ಲಿ 2, 6, 0, 9, 4, 7, 9 ಕೂಡಿದರೆ 37. ಉಳಿದ 4, 5, 9, 7, 5, 7 ಕೂಡಿದರೂ 37! ಅಲ್ಲಿಗೆ ಅದು ಹನ್ನೊಂದರ ಗುಣಕ, ಉತ್ತರವೂ ಆಗಿರಲೇಬೇಕು. ಉತ್ತರದ ಇಪ್ಪತ್ತಾರು ಅಂಕಿಗಳನ್ನು ಹಾಗೆಯೇ ಬೇರ್ಪಡಿಸಿದರೆ ಒಂದು ಕಡೆ 69, ಇನ್ನೊಂದು ಕಡೆಯೂ 69. ಅಕ್ಕಪಕ್ಕದ ಯಾವ ಎರಡು ಬೇರೆಬೇರೆ ಅಂಕಿ ಸ್ಥಳ ಬದಲಿಸಿದ್ದರೂ ಈ ತಕ್ಕಡಿ ಹನ್ನೊಂದರ ಲೆಕ್ಕಕ್ಕೆ ತಪ್ಪುತ್ತಿತ್ತು. ಗೊತ್ತುಗುರಿಯಿಲ್ಲದ ತಪ್ಪು ಉತ್ತರವೊಂದು ಎರಡೂ ತಾಳೆಗಳನ್ನು ದಾಟುವ ಸಾಧ್ಯತೆ 99ರಲ್ಲಿ ಒಂದು. ಪೂರ್ತಿ ಖಾತರಿ ಬೇಕಾದವರು ಕಾಗದದ ಮೇಲೆ ಗುಣಿಸಿಯೇ ನೋಡಬೇಕು. ದಾದರ್ ದಾಟುವಷ್ಟರಲ್ಲಿ ಮುಗಿಯಲಿಕ್ಕಿಲ್ಲ.

ಕೊನೆಗೆ ಒಂದೇ ಸೊನ್ನೆ ಇರುವುದರಿಂದ ಈ ಸಂಖ್ಯೆ ವರ್ಗಸಂಖ್ಯೆಯಾಗುವಂತಿಲ್ಲ. 330ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ: ಮೂವತ್ತು ಮೊದಲ ಸಂಖ್ಯೆಯ ಕೊಡುಗೆ, ಹನ್ನೊಂದು ಎರಡನೆಯದರದು. ಏಳರಿಂದ ಭಾಗಿಸಲು ಹೋದರೆ ನಾಲ್ಕು ಉಳಿಯುತ್ತದೆ, ಹದಿಮೂರರಿಂದಲೂ ನಾಲ್ಕೇ.

1982ರಲ್ಲಿ ಇದು ಗಿನ್ನೆಸ್ ಪುಸ್ತಕ ಸೇರಿತು. ಶಕುಂತಲಾದೇವಿ 2013ರ ಏಪ್ರಿಲ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಗಿನ್ನೆಸ್ ಸಂಸ್ಥೆಯ ಪ್ರಮಾಣಪತ್ರ ಬಂದದ್ದು 2020ರಲ್ಲಿ.